ಡಿಜಿಟಲ್ ಐಡಿ ವಾಲೆಟ್, ಎಂಟು ತಿಂಗಳು ಬಳಸಿದ ಮೇಲೆ: ಐಡಿಯಾ ಸೂಪರ್, ಬ್ಯಾಕಪ್ ಸೊನ್ನೆ

ಆ್ಯಪ್ ಹೆಸರು ಬೇಡ ಬಿಡಿ, ನಾನು ಹೇಳೋದ್ರಲ್ಲಿ ಮುಕ್ಕಾಲು ಪಾಲು ಈ ಥರದ ಎಲ್ಲಾ ವಾಲೆಟ್‌ಗೂ ಅನ್ವಯ ಆಗತ್ತೆ. ಇದು ದುಡ್ಡಿನ ವಾಲೆಟ್ ಅಲ್ಲ, ನಾವು ಯಾರು ಅಂತ ತೋರಿಸೋ ವಾಲೆಟ್. ಗುರುತಿನ ಚೀಟಿ, ಲೈಸೆನ್ಸ್, ಡಿಗ್ರಿ ಸರ್ಟಿಫಿಕೇಟ್ ಎಲ್ಲ ಕೊಟ್ಟವರ ಡಿಜಿಟಲ್ ಸಹಿ ಸಮೇತ ಫೋನಲ್ಲಿ ಕೂತಿರತ್ತೆ, ಕೇಳಿದವ್ರಿಗೆ ಎಷ್ಟು ಬೇಕೋ ಅಷ್ಟೇ ತೋರಿಸ್ಬೋದು.

ಮೊದಲ ಸಲ ಬಳಸಿದಾಗ ನಿಜಕ್ಕೂ ಖುಷಿ ಆಯ್ತು. ಒಂದು ಸೈಟು ವಯಸ್ಸು ಕೇಳ್ತು, ಮುಂಚೆ ಆಗಿದ್ರೆ ಐಡಿ ಫೋಟೋ ಹೊಡೆದು ಅಪ್‌ಲೋಡ್ ಮಾಡಿ ಅದು ಯಾರ ಸರ್ವರಲ್ಲಿ ಎಷ್ಟು ವರ್ಷ ಬಿದ್ದಿರತ್ತೋ ಅಂತ ತಲೆ ಕೆಡಿಸ್ಕೋಬೇಕಿತ್ತು, ಇಲ್ಲಿ ಸ್ಕ್ರೀನ್ ಮೇಲೆ ಬಂದಿದ್ದು ಒಂದೇ ಸಾಲು: "18 ದಾಟಿದೆ: ಹೌದು". ಹುಟ್ಟಿದ ತಾರೀಖಿಲ್ಲ, ಹೆಸರಿಲ್ಲ, ಅಡ್ರೆಸ್ಸಿಲ್ಲ. ಒತ್ತಿದೆ, ಮುಗೀತು.

ಇದೇನು ನಿನ್ನೆ ಮೊನ್ನೆ ಹುಟ್ಟಿದ ಯೋಚನೆ ಅಲ್ಲ. ಮೊದಲು ಸೈಟಿಗೊಂದು ಅಕೌಂಟು, ಸೈಟಿಗೊಂದು ಪಾಸ್‌ವರ್ಡು. 1999ರಲ್ಲಿ ಮೈಕ್ರೋಸಾಫ್ಟ್ ಪಾಸ್‌ಪೋರ್ಟ್ ಅಂತ ತಂದು ಎಲ್ಲದಕ್ಕೂ ಒಂದೇ ಲಾಗಿನ್ ಅಂದ್ರು, ಆದ್ರೆ ನಂಗೂ ಇನ್ನೊಂದು ಸೈಟಿಗೂ ಮಧ್ಯೆ ಇವ್ರ್ಯಾಕೆ ಕೂರಬೇಕು ಅನ್ನೋ ಪ್ರಶ್ನೆ ಎದ್ದು ಅದು ಅಂದ್ಕೊಂಡಷ್ಟು ಹಬ್ಬಲೇ ಇಲ್ಲ. ಮಜಾ ಅಂದ್ರೆ ಅದೇ ಕಂಪನಿಯ ಕಿಮ್ ಕ್ಯಾಮೆರಾನ್ 2005ರಲ್ಲಿ ಐಡೆಂಟಿಟಿಗೆ ಏಳು ನಿಯಮ ಬರೆದ್ರು, ಅದ್ರಲ್ಲಿ ಎರಡನೇದೇ ಕೆಲಸಕ್ಕೆ ಬೇಕಾದಷ್ಟೇ ವಿವರ ಕೊಡಬೇಕು ಅಂತ. ಆಮೇಲೂ ಎಲ್ಲಾ ಕಡೆ ಬಂದಿದ್ದು "ಇವರ ಅಕೌಂಟಲ್ಲಿ ಸೈನ್ ಇನ್ ಮಾಡಿ" ಅನ್ನೋ ಬಟನ್ನೇ. ಸುಲಭ, ಒಪ್ತೀನಿ, ಆದ್ರೆ ನೀವು ಎಲ್ಲೆಲ್ಲಿ ಲಾಗಿನ್ ಆದ್ರಿ ಅಂತ ಬಟನ್ ಕೊಟ್ಟವ್ರಿಗೆ ಗೊತ್ತಾಗತ್ತೆ. ವಾಲೆಟ್ಟಲ್ಲಿ ಕಾರ್ಡ್ ಕೊಟ್ಟವರನ್ನ ಪ್ರತಿ ಸಲ ಕೇಳಬೇಕಾಗಿಲ್ಲ, ಅವ್ರ ಸಹಿ ಸರಿ ಇದ್ಯಾ ಅಂತ ನೋಡಿದ್ರೆ ಸಾಕು. ಇದಕ್ಕೆ ವೆಬ್‌ಗೆ ಸ್ಟ್ಯಾಂಡರ್ಡ್ ಮಾಡೋ ಸಂಸ್ಥೆ ಡಬ್ಲ್ಯೂ3ಸಿ 2019ರಲ್ಲೇ ಒಂದು ಸ್ಟ್ಯಾಂಡರ್ಡ್ ಮಾಡಿದೆ, ಯುರೋಪಿಯನ್ ಯೂನಿಯನ್ನಂತೂ 2024ರಲ್ಲಿ ಪ್ರತಿ ಸದಸ್ಯ ದೇಶನೂ ವಾಲೆಟ್ ಕೊಡಲೇಬೇಕು ಅಂತ ಕಾನೂನೇ ಮಾಡ್ತು.

ಸರಿ, ಈಗ ಬೈಗುಳಕ್ಕೆ ಬರೋಣ.

ಎರಡು ಸೈಟಿಗೆ ಬರೀ "18 ದಾಟಿದೆ" ಅಂತ ಕೊಟ್ಟಿದ್ದೆ. ಸುಮ್ನೆ ಕುತೂಹಲಕ್ಕೆ ಹಿಸ್ಟರಿ ತೆಗೆದು ಎರಡರ ಡೀಟೇಲ್ಸೂ ನೋಡಿದ್ರೆ, ಕೆಳಗಡೆ ಇದ್ದ ಉದ್ದದ ಸಹಿ ಅಕ್ಷರ ಅಕ್ಷರಕ್ಕೂ ಒಂದೇ. ಅಂದ್ರೆ ಹೆಸರು ಮುಚ್ಚಿಟ್ಟಿದ್ದು ದಂಡ, ಆ ಎರಡು ಸೈಟಿನವ್ರು ಕೂತು ಮಾತಾಡಿದ್ರೆ ಇಬ್ಬರಿಗೂ ಬಂದಿದ್ದು ಒಬ್ಬನೇ ಅಂತ ಗೊತ್ತಾಗೋಗತ್ತೆ. ಇದಕ್ಕೆ ಪರಿಹಾರ ಇಲ್ಲ ಅಂತಲ್ಲ, ಒಂದೇ ಕಾರ್ಡನ್ನ ಹತ್ತಾರು ಪ್ರತಿ ಮಾಡಿ ಪ್ರತಿಯೊಂದಕ್ಕೂ ಬೇರೆ ಸಹಿ ಹಾಕಿ ಕೊಟ್ರೆ ಒಂದೊಂದನ್ನ ಒಂದೊಂದೇ ಸಲ ಬಳಸಿ ಬಿಸಾಕ್ಬೋದು. ಸಂಸ್ಥೆಗೊಂದು ಬೇರೆ ಗುಪ್ತನಾಮ ಇರಬೇಕು ಅಂತ ಗೂಢಲಿಪಿ ತಜ್ಞ ಡೇವಿಡ್ ಚೌಮ್ ಹೇಳಿದ್ದು 1985ರಲ್ಲಿ! ಈ ಆ್ಯಪಿನವ್ರು ಇನ್ನೂ ಅಲ್ಲಿಗೆ ಬಂದಿಲ್ಲ. ಆಫೀಸಲ್ಲಿ ನಾನೊಬ್ಬ, ಮನೇಲಿ ಇನ್ನೊಬ್ಬ, ಗೇಮ್ ಆಡುವಾಗ ಮತ್ತೊಬ್ಬ, ಅದ್ರಲ್ಲಿ ಮೋಸ ಏನಿದೆ ಹೇಳಿ? ಈ ಆ್ಯಪಿಗೆ ಮಾತ್ರ ನಾನು ಎಲ್ಲಾ ಕಡೆ ಒಂದೇ ಆಸಾಮಿ.

ಇನ್ನು ಕೇಳೋರ ಕಥೆ. ಎರಡು ದಿನಕ್ಕೆ ಒಂದು ಡ್ರಿಲ್ ಮಷಿನ್ ಬಾಡಿಗೆಗೆ ತಗೊಳ್ಳೋಕೆ ಹೋದ್ರೆ ಹೆಸರು, ಫೋಟೋ, ಅಡ್ರೆಸ್, ಹುಟ್ಟಿದ ತಾರೀಖು, ಐಡಿ ನಂಬರ್ ಎಲ್ಲದಕ್ಕೂ ಮೊದಲೇ ಟಿಕ್ ಬಿದ್ದಿದೆ, ತೆಗೆಯೋಣ ಅಂದ್ರೆ ಎಲ್ಲಾ ಬೂದು ಬಣ್ಣ, ಪಕ್ಕದಲ್ಲಿ "ಕಡ್ಡಾಯ" ಅಂತ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋದು ಇದಕ್ಕೇ.

ದೊಡ್ಡ ಹೊಡೆತ ಬಿದ್ದಿದ್ದು ಫೋನ್ ನೀರಿಗೆ ಬಿದ್ದಾಗ. ಹೊಸ ಫೋನಲ್ಲಿ ಬ್ಯಾಕಪ್ ರಿಸ್ಟೋರ್ ಮಾಡಿದೆ, ಹಿಸ್ಟರಿ ಬಂತು, ಸೆಟ್ಟಿಂಗ್ಸ್ ಬಂತು, ಕಾರ್ಡ್‌ಗಳ ಬಣ್ಣದ ಚಿತ್ರನೂ ಬಂತು, ಒಂದನ್ನ ಒತ್ತಿದ್ರೆ "ಈ ಸಾಧನದಲ್ಲಿ ಮಾನ್ಯವಲ್ಲ". ಕಾರ್ಡ್ ನಂದೇ ಅಂತ ಸಾಬೀತು ಮಾಡೋ ಗುಪ್ತ ಕೀ ಇರೋದು ಹಳೇ ಫೋನಿನ ಚಿಪ್ ಒಳಗೆ, ಅದು ಹೊರಗೆ ಬರಬಾರದು ಅಂತಲೇ ಮಾಡಿರೋದು, ಸೇಫ್ಟಿಗೆ. ಲಾಜಿಕ್ ಅರ್ಥ ಆಗತ್ತೆ, ಹೊಟ್ಟೆ ಉರಿ ಕಮ್ಮಿ ಆಗಲ್ಲ. ನಾಲ್ಕು ಕಾರ್ಡನ್ನೂ ಮತ್ತೆ ಒಂದೊಂದಾಗಿ ಕೇಳಿ ಪಡೀಬೇಕು, ಒಂದು ಕಡೆಯಂತೂ ಕಾರ್ಡ್ ಮತ್ತೆ ಕೊಡೋಕೆ ನೀವೇ ಅನ್ನೋದಕ್ಕೆ ವಾಲೆಟ್ಟಲ್ಲಿರೋ ಐಡಿ ತೋರಿಸಿ ಅಂದ್ರು. ಅದು ಹೋಗಿದೆ ಅಂತಾನೇ ಅಲ್ವಾ ಸ್ವಾಮಿ ನಾನು ಬಂದಿರೋದು! ಕೊನೆಗೆ ಕೆಲಸಕ್ಕೆ ಬಂದಿದ್ದು ಡ್ರಾಯರಲ್ಲಿದ್ದ ಹಳೇ ಪ್ಲಾಸ್ಟಿಕ್ ಕಾರ್ಡು.

"ನಿಮ್ಮ ಐಡೆಂಟಿಟಿ ನಿಮ್ಮ ಕೈಯಲ್ಲಿ" ಅಂತ ಮೊದಲ ಸ್ಕ್ರೀನಲ್ಲೇ ದೊಡ್ಡದಾಗಿ ಬರೆದಿದಾರೆ. ನನ್ನ ಒಂದು ಕಾರ್ಡಲ್ಲಿ ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿದೆ, ಅದನ್ನ ನಾನು ಮುಟ್ಟೋ ಹಾಗಿಲ್ಲ, ಕೊಟ್ಟವರೇ ತಿದ್ದಬೇಕು. ಅವರಿಗೆ ಬೇಡ ಅನ್ಸಿದ್ರೆ ಕಾರ್ಡನ್ನೇ ರದ್ದು ಮಾಡ್ಬೋದು. ಕೈಯಲ್ಲಿರೋದು ಫೋನ್ ಅಷ್ಟೇ.

5ಕ್ಕೆ 3 ಸ್ಟಾರ್. ವಯಸ್ಸು ತೋರಿಸೋ ಆ ಒಂದು ಸಾಲಿಗೇ ಎರಡು. ಹಾಕ್ಕೊಳ್ಳೋರು ಹಾಕ್ಕೊಳ್ಳಿ, ಪ್ಲಾಸ್ಟಿಕ್ ಕಾರ್ಡ್ ಮಾತ್ರ ಬಿಸಾಕಬೇಡಿ.