ರೋಗಿಯ ಮಾತು ಕೇಸ್ ಶೀಟಿಗೆ: ಮೂರು ವಿಧಾನಗಳ ಹೋಲಿಕೆ

ಚಿಂತಾಮಣಿಯ ನನ್ನ ಕ್ಲಿನಿಕ್‌ಗೆ ಬರುವ ಹಲವರು ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುವವರು. ಮಾತ್ರೆಯ ಹೆಸರು ಮಾತ್ರ ಎಲ್ಲರ ಬಾಯಲ್ಲೂ ಇಂಗ್ಲಿಷ್. ಈ ಬೆರಕೆ ಮಾತನ್ನು ಬರಹಕ್ಕಿಳಿಸಲು ಮೂರು ದಾರಿಗಳನ್ನು, ರೋಗಿಗಳ ಒಪ್ಪಿಗೆ ಪಡೆದೇ, ಪರೀಕ್ಷಿಸಿದ್ದೇನೆ: ಮೊಬೈಲ್ ಕೀಬೋರ್ಡಿನ ಧ್ವನಿ ಟೈಪಿಂಗ್, ಸಂಭಾಷಣೆ ಕೇಳಿ ತಾನೇ ಟಿಪ್ಪಣಿ ಸಿದ್ಧಪಡಿಸುವ ಒಂದು ಚಂದಾ ಸೇವೆ, ಮತ್ತು ಧ್ವನಿಮುದ್ರಣವನ್ನು ಬರಹವಾಗಿಸುವ, ನನ್ನ ಕಂಪ್ಯೂಟರಿನಲ್ಲೇ ಓಡುವ ವಿಸ್ಪರ್ ಎಂಬ ತಂತ್ರಾಂಶ.

ಧ್ವನಿ ಟೈಪಿಂಗ್ ಸುಲಭ. ರೋಗಿ ಹೊರಟ ಮೇಲೆ ನಾನೊಬ್ಬನೇ ನಿಧಾನವಾಗಿ ಹೇಳುವುದರಿಂದ ತಪ್ಪುಗಳು ಕಡಿಮೆ, ಇದ್ದರೂ ಅಲ್ಲೇ ಕಣ್ಣಿಗೆ ಬೀಳುತ್ತವೆ. ಆದರೆ ಸಕ್ಕರೆ ಕಾಯಿಲೆಯ ಹೆಂಗಸೊಬ್ಬರು "ಅಂಗಾಲಿಗೆ ಮೆಣಸಿನಕಾಯಿ ಅರೆದು ಹಚ್ಚಿದಂಗೆ ಉರೀತದೆ ಡಾಕ್ಟ್ರೇ, ರಾತ್ರಿ ಹೊದಿಕೆ ತಾಕಿದ್ರೂ ತಡಿಯಕ್ಕಾಗಲ್ಲ" ಎಂದದ್ದು ಈ ದಾರಿಯಲ್ಲಿ "ಪಾದಗಳಲ್ಲಿ ಉರಿ" ಎಂದಷ್ಟೇ ಉಳಿಯಿತು. ನರಗಳಿಗೆ ಎಷ್ಟು ಹಾನಿಯಾಗಿರಬಹುದೆಂದು ಅಂದಾಜಿಸಲು ನನಗೆ ಬೇಕಾದದ್ದು ಆ ಹೊದಿಕೆಯ ಮಾತೇ ಆಗಿತ್ತು.

ಚಂದಾ ಸೇವೆಯ ಟಿಪ್ಪಣಿ ನೋಡಲು ಬಹಳ ಅಚ್ಚುಕಟ್ಟು. ತೊಂದರೆ, ಪರೀಕ್ಷೆ, ಚಿಕಿತ್ಸೆ ಎಂದು ತಾನೇ ವಿಂಗಡಿಸುತ್ತದೆ. ನನಗೆ ಆತಂಕ ಹುಟ್ಟಿಸಿದ್ದೂ ಅದೇ. "ಮಲಗಿದಾಗ ಉಸಿರು ಕಟ್ಟಲ್ಲ" ಎಂದ ವೃದ್ಧರ ಟಿಪ್ಪಣಿಯಲ್ಲಿ ರಾತ್ರಿ ಉಸಿರು ಕಟ್ಟುತ್ತದೆ ಎಂದು ದಾಖಲಾಗಿತ್ತು. ನಮ್ಮ ಮಾತಿನಲ್ಲಿ "ಇಲ್ಲ", "ಅಲ್ಲ" ಎನ್ನುವ ನಿಷೇಧ ಬರುವುದು ವಾಕ್ಯದ ತುದಿಯಲ್ಲಿ, ಅಂದರೆ ದನಿ ಇಳಿದು ಫ್ಯಾನಿನ ಸದ್ದಿನಲ್ಲಿ ಮುಳುಗುವ ಜಾಗದಲ್ಲಿ. ಇನ್ನೊಂದು ಕಡೆ ಥೈರಾಯ್ಡ್ ಮಾತ್ರೆಯಾದ ಥೈರಾಕ್ಸಿನ್ 50 ಮೈಕ್ರೋಗ್ರಾಂ ಎಂಬುದು 50 ಮಿಲಿಗ್ರಾಂ ಆಗಿತ್ತು, ಅಂದರೆ ಸಾವಿರ ಪಟ್ಟು. ಮೂಲ ಸಂಭಾಷಣೆಯನ್ನು ಈ ಸೇವೆ ಉಳಿಸಿಕೊಡದ ಕಾರಣ, ನೆನಪು ಮಾಸಿದ ಮೇಲೆ ಇಂಥ ತಪ್ಪನ್ನು ಹಿಡಿಯುವ ದಾರಿಯೇ ಇರುವುದಿಲ್ಲ.

ವಿಸ್ಪರ್ ಅನ್ನು ಓಪನ್‌ಎಐ 2022ರ ಸೆಪ್ಟೆಂಬರ್‌ನಲ್ಲಿ ಉಚಿತವಾಗಿ ಬಿಡುಗಡೆ ಮಾಡಿತು. ಇಂಟರ್ನೆಟ್ ಬೇಕಿಲ್ಲವಾದ್ದರಿಂದ ರೋಗಿಯ ದನಿ ನನ್ನ ಕೋಣೆಯಿಂದಾಚೆ ಹೋಗುವುದಿಲ್ಲ; ನನ್ನ ಮಟ್ಟಿಗೆ ಇದೇ ದೊಡ್ಡ ಗುಣ. ಪ್ರತಿ ಸಾಲಿಗೂ ಸಮಯದ ಗುರುತು ಇರುವುದರಿಂದ ಅನುಮಾನ ಬಂದ ಕಡೆ ಧ್ವನಿಮುದ್ರಣ ಕೇಳಿ ತಿದ್ದಬಹುದು. ಆದರೆ ಯಾರು ಮಾತನಾಡಿದರೆಂದು ಅದು ಬೇರ್ಪಡಿಸುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಅದರ ದೊಡ್ಡ ಗಾತ್ರದ ಆವೃತ್ತಿ ಬಹಳ ನಿಧಾನ, ಮತ್ತು ನಾವು ಭಾಷೆ ಸೂಚಿಸದಿದ್ದರೆ ಮೊದಲ 30 ಸೆಕೆಂಡು ಕೇಳಿಯೇ ಭಾಷೆ ಯಾವುದೆಂದು ತೀರ್ಮಾನಿಸುತ್ತದೆ. ತೆಲುಗಿನಲ್ಲಿ ಕುಶಲ ವಿಚಾರಿಸಿ ಕನ್ನಡಕ್ಕೆ ಹೊರಳುವ ನಮ್ಮ ಕಡೆಯವರಿಗೆ ಅದು ಹೊಂದುವುದಿಲ್ಲವಾದ್ದರಿಂದ ಕನ್ನಡವೆಂದು ಮೊದಲೇ ಸೂಚಿಸಬೇಕು. ಮಾತಿನ ನಡುವೆ ದೀರ್ಘ ಮೌನವಿರುವ ಮುದ್ರಣಗಳಲ್ಲಿ ಯಾರೂ ಆಡದ ವಾಕ್ಯಗಳನ್ನು ಅದು ಸೇರಿಸುವ ಸಂಭವ ಹೆಚ್ಚೆಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಸ್ಟೆತಸ್ಕೋಪ್ ಇಟ್ಟು ಎದೆ ಆಲಿಸುವ ಹೊತ್ತು ಅಂಥದ್ದೇ ಮೌನವಾದ್ದರಿಂದ ಆಗ ಮುದ್ರಣ ನಿಲ್ಲಿಸುತ್ತೇನೆ.

ಈಗ ಹೊಸ ರೋಗಿಗಳ ಪೂರ್ವವೃತ್ತಾಂತಕ್ಕೆ ವಿಸ್ಪರ್, ಬಿಪಿ ಅಥವಾ ಸಕ್ಕರೆ ತೋರಿಸಲು ಮತ್ತೆ ಬರುವವರಿಗೆ ಧ್ವನಿ ಟೈಪಿಂಗ್ ಬಳಸುತ್ತಿದ್ದೇನೆ; ಚಂದಾ ಸೇವೆ ನಿಲ್ಲಿಸಿದ್ದೇನೆ. ತಿದ್ದಿದ ಬರಹ ಕೇಸ್ ಶೀಟಿಗೆ ಸೇರಿದ ಸಂಜೆಯೇ ಧ್ವನಿಮುದ್ರಣವನ್ನು ಅಳಿಸುತ್ತೇನೆ, ಮಾತ್ರೆಯ ಪ್ರಮಾಣವನ್ನು ಮೂರರಲ್ಲಿ ಯಾವುದಕ್ಕೂ ಬಿಡದೆ ಕೈಯಿಂದಲೇ ಬರೆಯುತ್ತೇನೆ.