ಹಳೇ ಲೇತ್‌ಗೆ ಎರಡು ಆಕ್ಸಿಸ್ ಡಿಆರ್‌ಒ ಕಿಟ್: ಹಾಕಿಸೋ ಮುಂಚೆ ಇಷ್ಟು ನೋಡಿಕೊಳ್ಳಿ

ಪೀಣ್ಯದಲ್ಲೂ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೂ ಎಚ್‌ಎಂಟಿಯ ಎಲ್‌ಬಿ-17, ಎನ್‌ಎಚ್‌-22 ಲೇತ್‌ಗಳು ಇನ್ನೂ ದುಡಿಯುತ್ತಿವೆ. ಐದು-ಹತ್ತು ಜಾಬ್‌ನ ಬ್ಯಾಚ್, ರಿಪೇರಿ ಕೆಲಸವೇ ಹೆಚ್ಚಿರುವ ಶಾಪ್‌ಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್‌ಗೆ ಸಾಲ ಮಾಡುವ ಮೊದಲು, ಸ್ಲೈಡ್ ಎಷ್ಟು ಸರಿದಿದೆ ಎಂದು ಅಂಕಿಯಲ್ಲಿ ತೋರಿಸುವ ಡಿಜಿಟಲ್ ರೀಡ್‌ಔಟ್ (ಡಿಆರ್‌ಒ) ಹಾಕಿಸುವುದೇ ಜಾಣತನ. ಒಂದೇ ಪಾರ್ಟ್ ಸಾವಿರಗಟ್ಟಲೆ ಮಾಡುವವರಿಗೆ ಇದರಿಂದ ಏನೂ ಲಾಭವಿಲ್ಲ.

ಕಿಟ್‌ನಲ್ಲಿ ಎರಡು ಗ್ಲಾಸ್ ಸ್ಕೇಲ್ (ಒಂದು ಟೂಲ್ ಅನ್ನು ಜಾಬ್ ಉದ್ದಕ್ಕೆ ಒಯ್ಯುವ ಕ್ಯಾರೇಜ್‌ಗೆ, ಇನ್ನೊಂದು ಅಡ್ಡಕ್ಕೆ ಸರಿಸುವ ಕ್ರಾಸ್‌ಸ್ಲೈಡ್‌ಗೆ), ಒಂದು ಡಿಸ್‌ಪ್ಲೇ ಇರುತ್ತವೆ. ಸ್ಕ್ರೂ ಸವೆದು ಹ್ಯಾಂಡಲ್ ಕಾಲು ಸುತ್ತು ಖಾಲಿ ತಿರುಗಿದರೂ ಅಂಕಿ ಅಲುಗುವುದಿಲ್ಲ. ಸ್ಲೈಡ್ ನಿಜವಾಗಿ ಸರಿದಾಗಲೇ ಓಡುತ್ತದೆ. ಈ ಖಾಲಿ ತಿರುಗಾಟದ, ಅಂದರೆ ಬ್ಯಾಕ್‌ಲ್ಯಾಶ್‌ನ ಲೆಕ್ಕ ಹಾಕುವ ತಲೆನೋವು ಅಲ್ಲಿಗೆ ಮುಗಿಯಿತು.

ಹೆಚ್ಚಿನವರು ಎಡವುವುದು ಕ್ರಾಸ್‌ಸ್ಲೈಡ್ ಸ್ಕೇಲ್‌ನಲ್ಲಿ. ಅಂಗಡಿಯವರು ಸಾಮಾನ್ಯವಾಗಿ ಎರಡಕ್ಕೂ 5 ಮೈಕ್ರಾನ್‌ನದ್ದೇ ಕೊಡುತ್ತಾರೆ (1 ಮೈಕ್ರಾನ್ ಎಂದರೆ ಎಂಎಂನ ಸಾವಿರದ ಒಂದು ಭಾಗ). ಸ್ಲೈಡ್ 5 ಮೈಕ್ರಾನ್ ಸರಿದರೆ ಡಯಾದಲ್ಲಿ 10 ಮೈಕ್ರಾನ್ ಬದಲಾಗುತ್ತದೆ. 40 ಎಂಎಂ ಶಾಫ್ಟ್‌ಗೆ h7 ದರ್ಜೆ ಕೇಳಿದರೆ ಒಟ್ಟು ಟಾಲರೆನ್ಸ್ (ಅಳತೆಯಲ್ಲಿ ನಡೆಯುವ ಹೆಚ್ಚು-ಕಡಿಮೆ) 25 ಮೈಕ್ರಾನ್. ಅದರೊಳಗೆ ಎರಡೇ ಹೆಜ್ಜೆ! ಕ್ರಾಸ್‌ಸ್ಲೈಡ್‌ಗೆ 1 ಮೈಕ್ರಾನ್‌ನ ಸ್ಲಿಮ್ ಸ್ಕೇಲ್ ಕೇಳಿ ತೆಗೆದುಕೊಳ್ಳಿ. ದಪ್ಪನೆಯದಾದರೆ ಟೈಲ್‌ಸ್ಟಾಕ್‌ಗೆ (ಜಾಬ್‌ನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ತಾಗುತ್ತದೆ. ಕ್ಯಾರೇಜ್‌ಗೆ 5 ಸಾಕು.

ಫಿಟ್ಟಿಂಗ್ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ. ಡಯಲ್ ಇಂಡಿಕೇಟರ್ ಓಡಿಸಿದಾಗ ಸ್ಕೇಲ್ ಉದ್ದಕ್ಕೂ 0.1 ಎಂಎಂ ಒಳಗೆ ಸಮಾನಾಂತರ ಇರಬೇಕು. ಸ್ವಲ್ಪ ಓರೆಯಾದರೆ ಓದು ಅಷ್ಟೇನೂ ತಪ್ಪುವುದಿಲ್ಲ, ಆದರೆ ಸ್ಕೇಲ್ ಉದ್ದಕ್ಕೂ ಓಡಿ ಅಳತೆ ಓದುವ ರೀಡರ್ ಹೆಡ್ ಬಿಗಿಯಾಗಿ ಬೇಗ ಸವೆಯುತ್ತದೆ. ರಬ್ಬರ್ ಲಿಪ್ ಇರುವ ಬಾಯಿ ಕೆಳಗೆ ಅಥವಾ ಹಿಂದಕ್ಕೆ ಇರಲಿ, ಮೇಲ್ಮುಖ ಇಟ್ಟರೆ ಕೂಲೆಂಟ್, ಚಿಪ್ಸ್ ಒಳಗೆ ಹೋಗಿ ಗಾಜು ಮಂಕಾಗುತ್ತದೆ. ಸ್ಕೇಲ್‌ನ ಓಟ ಸ್ಲೈಡ್‌ನ ಪೂರ್ತಿ ಓಟಕ್ಕಿಂತ 10–20 ಎಂಎಂ ಜಾಸ್ತಿ ಇರಲಿ; ಕಡಿಮೆಯಾದರೆ ಕೊನೆಗೆ ಹೋಗಿ ಹೆಡ್ ಗುದ್ದಿಕೊಳ್ಳುತ್ತದೆ. ಬ್ರಾಕೆಟ್‌ಗೆ ಬಗ್ಗಿಸಿದ ತಗಡು ಬೇಡ, 8 ಎಂಎಂ ಎಂಎಸ್ ಪ್ಲೇಟ್ ಹಾಕಿಸಿ. ಸ್ಲೈಡ್ ಲಾಕ್ ಮಾಡಿ ಬ್ರಾಕೆಟ್ ಅನ್ನು ಬೆರಳಲ್ಲಿ ಒತ್ತಿ: ಕೊನೆಯ ಅಂಕಿ ಕುಣಿದರೆ ಆ ಕೆಲಸ ಒಪ್ಪಿಕೊಳ್ಳಬೇಡಿ.

ಸ್ಪಿಂಡಲ್‌ಗೆ ವೇಗ ಬದಲಿಸುವ ವಿಎಫ್‌ಡಿ ಡ್ರೈವ್ ಇದ್ದು ಅಂಕಿ ತಾನಾಗಿಯೇ ಜಿಗಿಯುತ್ತಿದ್ದರೆ ಅರ್ಥಿಂಗ್ ನೋಡಿ, ಸ್ಕೇಲ್ ಕೇಬಲ್ ಅನ್ನು ಮೋಟಾರ್ ಕೇಬಲ್‌ನಿಂದ ದೂರ ಎಳೆಸಿ. ಡಯಾ ಅರ್ಧ ಅಥವಾ ದುಪ್ಪಟ್ಟು ತೋರಿಸುತ್ತಿದ್ದರೆ ಅದು ಬರೀ ರೇಡಿಯಸ್-ಡಯಾ ಮೋಡ್ ಎಡವಟ್ಟು.

ಡಿಆರ್‌ಒ ತೋರಿಸುವುದು ಸ್ಲೈಡ್ ಎಲ್ಲಿದೆ ಎಂಬುದನ್ನು. ಟೂಲ್ ತುದಿ ಸವೆದದ್ದು, ತೆಳು ಜಾಬ್ ಬಾಗಿದ್ದು ಅದಕ್ಕೆ ಕಾಣಿಸದು. ಕೊನೆಯ ಕಟ್‌ಗೆ ಮುಂಚೆ ಮೈಕ್ರೋಮೀಟರ್ ಹಿಡಿಯಲೇಬೇಕು. ಬೆಡ್ ಸವೆದಿದ್ದರೂ ಡಿಆರ್‌ಒ ಕೈಕೊಡುತ್ತದೆ. ಆರ್ಡರ್ ಕೊಡುವ ಮೊದಲು 50 ಎಂಎಂ ದಪ್ಪದ ಬಾರ್ ಅನ್ನು ಚಕ್‌ನಿಂದ 150 ಎಂಎಂ ಹೊರಗಿಟ್ಟು, ಟೈಲ್‌ಸ್ಟಾಕ್ ಆಸರೆ ಇಲ್ಲದೆ ಹಗುರ ಕಟ್ ಹೊಡೆದು ಎರಡೂ ತುದಿ ಅಳೆಯಿರಿ. ವ್ಯತ್ಯಾಸ 0.03 ಎಂಎಂ ದಾಟಿದರೆ ಆ ದುಡ್ಡು ಮೊದಲು ಬೆಡ್, ಹೆಡ್‌ಸ್ಟಾಕ್ ರಿಪೇರಿಗೆ ಹೋಗಲಿ.

ಕರೆಂಟ್ ಹೋದಾಗ ಯಾರಾದರೂ ಹ್ಯಾಂಡಲ್ ತಿರುಗಿಸಿದರೆ ಸೊನ್ನೆ ಕಳೆದುಹೋಗುತ್ತದೆ, ಆದ್ದರಿಂದ ರೆಫರೆನ್ಸ್ ಮಾರ್ಕ್ (ಸೊನ್ನೆಯನ್ನು ಮತ್ತೆ ಹಿಡಿಯಲು ನೆರವಾಗುವ ಗುರುತು) ಇರುವ ಸ್ಕೇಲ್ ಕೇಳಿ. ಕೊಟೇಶನ್‌ನಲ್ಲಿ ಬ್ರಾಕೆಟ್, ಚಿಪ್ ಗಾರ್ಡ್, ಫಿಟ್ಟಿಂಗ್ ಸೇರಿದೆಯೇ ಎಂದು ಬರೆಸಿಕೊಳ್ಳಿ. ಕಡಿಮೆ ರೇಟ್ ಹೇಳುವವರು ಬಿಟ್ಟಿರುವುದು ಸಾಮಾನ್ಯವಾಗಿ ಈ ಮೂರನ್ನೇ.