ಪೇಟೆಯಲ್ಲಿ ಸೈಕಲ್ ಎಲ್ಲಿ ಇಡಬೇಕು? ಮೂರು ಜಾಗ ನೋಡಿದ್ದಾಯಿತು

ನಮ್ಮ ಬೆಳಗಾವಿಯಲ್ಲಿ ಟಿಳಕವಾಡಿಯಿಂದ ಕಪಿಲೇಶ್ವರ ಬ್ರಿಜ್ ಹತ್ತಿಳಿದು ಖಡೇ ಬಜಾರಿಗೆ ಬರುವುದು ನನಗೆ ಕಷ್ಟವೇನಲ್ಲ. ಬಂದ ಮೇಲೆ ಸೈಕಲ್ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ದೊಡ್ಡ ತಲೆನೋವು. ಹಾಗಾಗಿ ಮೂರು ಕಡೆ ಇಟ್ಟು ನೋಡಿದೆ.

ಮೊದಲು ಫುಟ್‌ಪಾತ್. ಅಂಗಡಿ ಬಾಗಿಲಲ್ಲೇ ಸೈಕಲ್, ಕಣ್ಣೆದುರಿಗೇ ಇರುತ್ತದೆ. ಆದರೆ ನಮ್ಮ ಪೇಟೆಯ ಫುಟ್‌ಪಾತ್ ಗೊತ್ತಲ್ವಾ, ಅರ್ಧ ಅಂಗಡಿ ಸಾಮಾನು, ಉಳಿದರ್ಧದಲ್ಲಿ ಜನ. ಸೈಕಲ್ ಹ್ಯಾಂಡಲ್ಲೇ ಎರಡು ಅಡಿ ಅಗಲ. ಒಂದು ದಿನ ಕಾಯಿಪಲ್ಲೆ ಚೀಲ ಹಿಡಿದ ಅಜ್ಜಿಯೊಬ್ಬರ ಸೆರಗು ನನ್ನ ಬ್ರೇಕಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು, ರಸ್ತೆಗಿಳಿದು, ಆಟೋ ಪಕ್ಕದಲ್ಲೇ ನಡೆದು ಹೋದರು. ಬೈಯಲೂ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮತ್ತೆ ಅಲ್ಲಿ ಇಡಲಿಲ್ಲ.

ಎರಡನೆಯದು ದುಡ್ಡು ಕೊಟ್ಟು ಇಡುವ ಸ್ಟ್ಯಾಂಡ್. ಮೇಲೆ ತಗಡಿದೆ, ನಮ್ಮೂರಿನ ಮಳೆಗೆ ಅದು ಸಣ್ಣ ವಿಷಯವಲ್ಲ. ಬೆಳಗ್ಗೆ ಇಟ್ಟು ಸಂಜೆ ಒಯ್ಯುವವರಿಗೆ ಸರಿ. ನನಗೆ ಬೇಕಿದ್ದದ್ದು ಕಾಲು ಕಿಲೋ ಚಹಾಪುಡಿ, ಅದಕ್ಕೆ ಸ್ಟ್ಯಾಂಡಿನಿಂದ ಅಂಗಡಿಗೆ ಹೋಗಿ ಬರಲು ಹದಿನೈದು ನಿಮಿಷ ಯಾರು ನಡೆಯುತ್ತಾರೆ? ಇನ್ನೊಂದು, ಅಲ್ಲಿರುವುದು ಮುಂದಿನ ಗಾಲಿ ಸಿಗಿಸುವ ಕಬ್ಬಿಣದ ಸಂದು. ಪಕ್ಕದ ಬೈಕ್ ತಾಗಿ ಸೈಕಲ್ ವಾಲಿತು, ರಿಮ್ ಸೊಟ್ಟಗಾಯಿತು. ಬೀಗ ಬೀಳುವುದೂ ಗಾಲಿಗೆ ಮಾತ್ರ. ಗಾಲಿ ಬಿಚ್ಚಿಟ್ಟು ಉಳಿದ ಸೈಕಲ್ ಹೊತ್ತುಕೊಂಡು ಹೋದರೆ ಮುಗೀತು.

ಮೂರನೆಯದು ಗಲ್ಲಿ ತಿರುವಿನಲ್ಲಿ, ರಸ್ತೆ ಅಂಚಿಗೆ, ಸಾಮಾನ್ಯವಾಗಿ ಯಾರಾದರೂ ಕಾರು ತಂದು ನಿಲ್ಲಿಸುವ ಜಾಗ. ಅಲ್ಲೊಂದು ಕಂಬವಿದೆ, ಚೈನು ಫ್ರೇಮಿಗೇ ಸುತ್ತಬಹುದು. ಅಂಗಡಿ ಹತ್ತು ಹೆಜ್ಜೆ. ನಡೆಯುವವರಿಗೆ ಅಡ್ಡಿಯಿಲ್ಲ. ಕಾರು ನಿಂತರೆ ತಿರುವಿನಲ್ಲಿ ಆಚೆ ಬರುವ ಮಗು ಕಾಣುವುದಿಲ್ಲ, ಸೈಕಲ್‌ಗಳ ಸಂದಿನಿಂದ ಕಾಣುತ್ತದೆ. ಸೀಟು ನೆನೆಯುತ್ತದೆ ನಿಜ, ಸ್ಕೂಟರಿನವರು ಮುಂದೆ ಅಡ್ಡ ನಿಲ್ಲಿಸಿ ಹೋಗುತ್ತಾರೆ ಅನ್ನುವುದೂ ನಿಜ.

ನನ್ನ ಕೇಳಿದರೆ ಮೂರನೆಯದೇ, ಆದರೆ ಕಂಬ ನಂಬಿಕೊಂಡಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರಿನಲ್ಲಿ ಕರೆಯುವ ಸ್ಟ್ಯಾಂಡ್ ಇದೆ, ಬರೀ ಬಗ್ಗಿಸಿ ನೆಲಕ್ಕೆ ಹುಗಿದ ಪೈಪು, ಆಚೆಗೊಂದು ಈಚೆಗೊಂದು ಸೈಕಲ್ ಒರಗಿಸಬಹುದು. ಮೀಟರಿಗೊಂದು ನೆಟ್ಟರೆ ಒಂದು ಕಾರಿನ 5 ಮೀಟರ್ ಜಾಗದಲ್ಲಿ 10 ಸೈಕಲ್. ಇಂಥದ್ದನ್ನು ನಮ್ಮ ಗೇಟು ಮಾಡುವ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ದಿನವಿಡೀ ಇಡುವವರಿಗೆ ಸ್ಟೇಷನ್, ಬಸ್ ಸ್ಟ್ಯಾಂಡ್ ಹತ್ತಿರ ತಗಡು ಹಾಕಿದ್ದು ಬೇರೆ ಇರಲಿ.

ಅಲ್ಲಿಯವರೆಗೆ ನಾನು ಅದೇ ಕಂಬಕ್ಕೆ ಚೈನು ಸುತ್ತಿ, ಸೀಟಿಗೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದೇನೆ.